ಅಂಗಡಿಯಲ್ಲಿ ಸರಿ, ಮನೆಯಲ್ಲಿ ತಂಟೆ: ವೈರ್‌ಲೆಸ್ ಮೌಸ್ ಏಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಹಾಸನದವಳು. ಮನೆಯಲ್ಲೇ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಡೆಸ್ಕ್‌ಟಾಪ್ ಕಂಪ್ಯೂಟರಿಗೆ ವೈರ್‌ಲೆಸ್ ಮೌಸ್ ಹಾಕಿಕೊಂಡು ಒಂದೂವರೆ ವರ್ಷವಾಯಿತು. ಕೆಲವು ತಿಂಗಳಿಂದ ಬಾಣದ ಗುರುತು ನಿಂತು ನಿಂತು ಓಡುತ್ತದೆ. ಒಮ್ಮೊಮ್ಮೆ ಎರಡು ಮೂರು ಸೆಕೆಂಡು ಅಲ್ಲಾಡುವುದೇ ಇಲ್ಲ. ಕ್ಲಿಕ್ ಕೂಡ ತಡವಾಗಿ ಬೀಳುತ್ತದೆ. ಸೆಲ್ ಬದಲಿಸಿ ನೋಡಿದೆ. ಕೊಂಡ ಅಂಗಡಿಗೆ ಒಯ್ದರೆ ಅಲ್ಲಿ ಏನೂ ತೊಂದರೆ ಇರಲಿಲ್ಲ. ಬೇಸತ್ತು ಬೇರೆ ಕಂಪನಿಯ ಹೊಸ ಮೌಸ್ ತಂದೆ, ಅದೂ ಹಾಗೆಯೇ ಮಾಡುತ್ತಿದೆ. ಸಂಜೆಯ ಹೊತ್ತು, ಅದರಲ್ಲೂ ದಿನದ ಕೆಲಸವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡುವಾಗ ಉಪದ್ರವ ಹೆಚ್ಚು. ಸಿಪಿಯು ಕಬ್ಬಿಣದ ಮೇಜಿನ ಕೆಳಗಿದೆ, ಆ ಸಿಪಿಯುವಿನ ಮೇಲೆಯೇ ವೈಫೈ ರೂಟರ್ ಇದೆ. ಕಂಪ್ಯೂಟರೇ ಹಾಳಾಗಿದೆಯೇ? ಮತ್ತೆ ವೈರ್ ಇರುವ ಮೌಸಿಗೇ ಹೋಗಬೇಕೇ?

ಉತ್ತರ: ನಿಮ್ಮ ಪತ್ರ ಓದಿ ಮುಗಿಸುವಷ್ಟರಲ್ಲಿ ನನಗೆ ಅರ್ಧ ಉತ್ತರ ಸಿಕ್ಕಿತ್ತು. ಬೇಕಾದ ಸುಳಿವುಗಳನ್ನೆಲ್ಲ ನೀವೇ ಬರೆದಿದ್ದೀರಿ. ಮೌಸ್ ಅಂಗಡಿಯಲ್ಲಿ ಸರಿಯಾಗಿ ಓಡಿತು. ಎರಡನೆಯ ಮೌಸೂ ಮೊದಲನೆಯದರ ದಾರಿಯನ್ನೇ ಹಿಡಿಯಿತು. ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ತೊಂದರೆ ಏರುತ್ತದೆ. ಈ ಮೂರನ್ನೂ ಸೇರಿಸಿ ನೋಡಿದರೆ ಕಂಪ್ಯೂಟರ್ ಹಾಳಾಗಿರುವ ಸಂಭವ ಬಹಳ ಕಡಿಮೆ. ಎರಡು ಮೌಸ್‌ಗಳೂ ಬಹುಶಃ ಆರೋಗ್ಯವಾಗಿಯೇ ಇವೆ. ಮೌಸ್ ಕಳಿಸುವ ರೇಡಿಯೊ ಸಂಕೇತ ನಿಮ್ಮ ಮೇಜಿನ ಕೆಳಗೆ ದಾರಿ ತಪ್ಪುತ್ತಿದೆ. ಮನೆಮನೆಗೆ ಹೋಗಿ ಕಂಪ್ಯೂಟರ್ ದುರಸ್ತಿ ಮಾಡುವ ನನಗೆ ಇಂಥ ಕರೆ ಬಂದಾಗ ನಾನು ಮೊದಲು ಮೌಸನ್ನು ಮುಟ್ಟುವುದೇ ಇಲ್ಲ. ಟಾರ್ಚ್ ಹಿಡಿದು ಸಿಪಿಯುವಿನ ಬೆನ್ನು ನೋಡುತ್ತೇನೆ.

ಆದರೂ ಊಹೆಯ ಮೇಲೆ ಹಣ ಖರ್ಚು ಮಾಡುವುದು ಬೇಡ. ಮೊದಲು ಐದು ನಿಮಿಷದ ಒಂದು ಪರೀಕ್ಷೆ ಮಾಡಿ. ಮೌಸಿನಲ್ಲಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತಿರುತ್ತವೆ. ಹೊಟ್ಟೆಯ ಕೆಳಗಿರುವ ಸೆನ್ಸರ್ ಮೇಜಿನ ಮೇಲ್ಮೈಯನ್ನು ಸತತವಾಗಿ ಚಿತ್ರ ತೆಗೆದು, ಒಂದು ಚಿತ್ರಕ್ಕೂ ಮುಂದಿನದಕ್ಕೂ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತದೆ. 1999ರಲ್ಲಿ ಮನೆಬಳಕೆಗೆ ಬಂದ ಆಪ್ಟಿಕಲ್ ಮೌಸ್ ಕೂಡ ಸೆಕೆಂಡಿಗೆ 1500 ಚಿತ್ರ ತೆಗೆಯುತ್ತಿತ್ತು, ಈಗಿನವು ಇನ್ನೂ ಚುರುಕು. ಎರಡನೆಯ ಕೆಲಸ ಆ ಲೆಕ್ಕವನ್ನು ರೇಡಿಯೊ ಮೂಲಕ ರಿಸೀವರಿಗೆ, ಅಂದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಉಗುರಿನಷ್ಟು ಗಾತ್ರದ ಆ ತುಂಡಿಗೆ, ಮುಟ್ಟಿಸುವುದು. ಅಂಗಡಿಗಳಲ್ಲಿ ಇದನ್ನು ಡಾಂಗಲ್ ಎನ್ನುವುದೂ ಉಂಟು.

ಸೆನ್ಸರ್ ತಪ್ಪಿದರೆ ಬಾಣ ಮಾತ್ರ ಕುಣಿಯುತ್ತದೆ. ಬಟನ್ ಒತ್ತಿದರೆ ಕ್ಲಿಕ್ ತಕ್ಷಣ ಬೀಳುತ್ತದೆ, ಚಕ್ರ ತಿರುಗಿಸಿದರೆ ಪುಟ ಸರಿಯಾಗಿ ಸರಿಯುತ್ತದೆ. ರೇಡಿಯೊ ತಪ್ಪಿದರೆ ಬಾಣ, ಕ್ಲಿಕ್, ಚಕ್ರ ಮೂರೂ ಒಟ್ಟಿಗೆ ತಡವರಿಸುತ್ತವೆ. ಕಂಪ್ಯೂಟರೇ ಬಳಲಿದ್ದರೆ ಕೀಲಿಮಣೆಯಲ್ಲಿ ಒತ್ತಿದ ಅಕ್ಷರವೂ ತಡವಾಗಿ ಮೂಡುತ್ತದೆ, ಹಾಡು ಹಾಕಿದ್ದರೆ ಅದೂ ಕಡಿದು ಕಡಿದು ಬರುತ್ತದೆ. ಮೌಸ್ ತಂಟೆ ಮಾಡುವ ಹೊತ್ತಿಗೆ ಸರಿಯಾಗಿ, ವೈರ್ ಇರುವ ಕೀಲಿಮಣೆಯಲ್ಲಿ ಒಂದೆರಡು ಸಾಲು ಬೇಗ ಬೇಗ ಟೈಪು ಮಾಡಿ ನೋಡಿ. ಅಕ್ಷರಗಳು ಬೆರಳ ಜೊತೆಗೇ ಬಿದ್ದರೆ ಕಂಪ್ಯೂಟರಿನ ಮೇಲೆ ಸಂಶಯ ಬೇಡ. ಕ್ಲಿಕ್ ತಡವಾಗಿ ಬೀಳುತ್ತದೆ ಎಂದು ನೀವು ಬರೆದಿದ್ದೀರಲ್ಲ, ಆ ಒಂದು ವಾಕ್ಯವೇ ನನ್ನನ್ನು ರೇಡಿಯೊ ಕಡೆಗೆ ತಿರುಗಿಸಿದ್ದು.

ಈ ರೇಡಿಯೊ ಬಗ್ಗೆ ಸ್ವಲ್ಪ ಹೇಳಲೇಬೇಕು. ಲಾಜಿಟೆಕ್ ಕಂಪನಿ 1984ರಲ್ಲಿ ತಂದ ವೈರಿಲ್ಲದ ಮೌಸ್ ಟಿವಿ ರಿಮೋಟಿನಂತೆ ಇನ್‌ಫ್ರಾರೆಡ್ ಬೆಳಕಿನಿಂದ ಕೆಲಸ ಮಾಡುತ್ತಿತ್ತು. ನಡುವೆ ಒಂದು ಪುಸ್ತಕ ಅಡ್ಡ ಬಂದರೂ ಕೆಟ್ಟಿತು ಕೆಲಸ. 1991ರಲ್ಲಿ ಅದೇ ಕಂಪನಿಯ ರೇಡಿಯೊ ಮೌಸ್ ಬಂದ ಮೇಲೆ ಆ ಕಾಟ ತಪ್ಪಿತು. ಆದರೆ ಅಡ್ಡಿ ಕಣ್ಣಿಗೆ ಕಾಣುವುದೂ ಅಲ್ಲಿಗೇ ನಿಂತುಹೋಯಿತು. ಇವತ್ತು ಮಾರುಕಟ್ಟೆಯಲ್ಲಿರುವ ವೈರ್‌ಲೆಸ್ ಮೌಸ್‌ಗಳು ಹೆಚ್ಚುಕಡಿಮೆ ಎಲ್ಲವೂ 2.4 ಗಿಗಾಹರ್ಟ್ಸ್ ಎಂಬ ರೇಡಿಯೊ ಪಟ್ಟಿಯಲ್ಲಿ, ಅಂದರೆ ಬ್ಯಾಂಡಿನಲ್ಲಿ, ಮಾತಾಡುತ್ತವೆ. ನಮ್ಮ ದೇಶದಲ್ಲಿ 2005ರ ನಿಯಮದಂತೆ 2.4ರಿಂದ 2.4835 ಗಿಗಾಹರ್ಟ್ಸ್‌ವರೆಗೆ ಕಡಿಮೆ ಶಕ್ತಿಯ ಸಾಧನ ಬಳಸಲು ಯಾರೂ ಪರವಾನಗಿ ಪಡೆಯಬೇಕಾಗಿಲ್ಲ. ಹಾಗಾಗಿ ವೈಫೈ, ಬ್ಲೂಟೂತ್ ಇಯರ್‌ಫೋನ್, ವೈರ್‌ಲೆಸ್ ಕೀಲಿಮಣೆ, ನಿಮ್ಮ ಮೌಸ್, ಎಲ್ಲಕ್ಕೂ ಇದೊಂದೇ ಸಂತೆ. ಅಡುಗೆಮನೆಯ ಮೈಕ್ರೊವೇವ್ ಒಲೆ ಬೇಯಿಸುವುದೂ 2.45 ಗಿಗಾಹರ್ಟ್ಸ್‌ನಲ್ಲೇ, ಅದರ ಬಾಗಿಲಿನ ಸಂದಿಯಿಂದ ಸೋರುವ ಅಷ್ಟಿಷ್ಟು ಕೂಡ ಇದೇ ಪಟ್ಟಿಗೆ ಬಂದು ಬೀಳುತ್ತದೆ. ಮೌಸಿನ ದನಿ ಇವುಗಳ ನಡುವೆ ಬಹಳ ಸಣ್ಣದು. ಒಂದು ಸೆಲ್ಲಿನಲ್ಲಿ ತಿಂಗಳುಗಟ್ಟಲೆ ಬದುಕಬೇಕಾದದ್ದರಿಂದ ಅದು ಪಿಸುಗುಟ್ಟುತ್ತದೆ.

ಪಿಸುಮಾತು ಕೇಳಿಸಿಕೊಳ್ಳುವವರ ಕಿವಿಯ ಪಕ್ಕದಲ್ಲೇ ಹಿಟ್ಟಿನ ಗಿರಣಿ ಓಡುತ್ತಿದ್ದರೆ ಏನಾಗುತ್ತದೆ? ನಿಮ್ಮ ಹಾರ್ಡ್ ಡಿಸ್ಕ್ ಆ ಗಿರಣಿ. ಹೊಸ ಹಾರ್ಡ್ ಡಿಸ್ಕ್, ಪೆನ್ ಡ್ರೈವ್‌ಗಳು ಬಳಸುವ ಯುಎಸ್‌ಬಿ 3.0 ಸೆಕೆಂಡಿಗೆ 500 ಕೋಟಿ ಬಿಟ್ ವೇಗದಲ್ಲಿ ಮಾಹಿತಿ ಸಾಗಿಸುತ್ತದೆ. ಸೊನ್ನೆ ಒಂದು, ಸೊನ್ನೆ ಒಂದು ಎಂದು ಆ ವೇಗದಲ್ಲಿ ತಂತಿ ಏರಿಳಿಯುವಾಗ ಅದರ ಮಿಡಿತ ಸೆಕೆಂಡಿಗೆ 250 ಕೋಟಿ, ಅಂದರೆ 2.5 ಗಿಗಾಹರ್ಟ್ಸ್. ಮೌಸಿನ ಪಟ್ಟಿಗೆ ಒತ್ತಿಕೊಂಡೇ ಇರುವ ಜಾಗ ಅದು. ಮಾಹಿತಿ ಒಂದೇ ಲಯದಲ್ಲಿ ಇರುವುದಿಲ್ಲವಾದ್ದರಿಂದ ಆ ಗದ್ದಲ ಒಂದು ಬಿಂದುವಿನಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೆಲ್ಲ ಹರಡಿ ಇಡೀ ಪಟ್ಟಿಯನ್ನು ಆವರಿಸುತ್ತದೆ. ಹಾರ್ಡ್ ಡಿಸ್ಕಿನ ಕೇಬಲ್, ಅದರ ಪಿನ್ನು, ಕಂಪ್ಯೂಟರಿನ ಕಿಂಡಿ, ಎಲ್ಲ ಕಡೆಯಿಂದ ಅದು ಸೋರುತ್ತದೆ. ಇದು ನನ್ನ ಊಹೆಯಲ್ಲ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ವರದಿ ಹೊರತಂದಿತು. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಜೋಡಿಸಿದಾಗ 2.4 ಗಿಗಾಹರ್ಟ್ಸ್ ಪಟ್ಟಿಯ ಹಿನ್ನೆಲೆ ಗದ್ದಲ ಸುಮಾರು 20 ಡೆಸಿಬೆಲ್ ಏರಿದ್ದು ಆ ಅಳತೆಯಲ್ಲಿ ಕಂಡಿತು. 20 ಡೆಸಿಬೆಲ್ ಎಂದರೆ ನೂರು ಪಟ್ಟು.

ಈ ಒಂದು ಸಂಗತಿಯನ್ನು ಮೌಸಿನ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕಿತ್ತು ಎಂಬುದು ನನ್ನ ಬಹಳ ದಿನದ ಕೊರಗು. ಅದು ತಿಳಿಯದ ಕಾರಣಕ್ಕೆ ಎಷ್ಟು ಒಳ್ಳೆಯ ಮೌಸ್‌ಗಳು ಕಸದ ಬುಟ್ಟಿ ಸೇರುತ್ತವೆ!

ಮೈಸೂರಿನಲ್ಲಿ ಲೆಕ್ಕಪತ್ರ ಬರೆಯುವ ಒಬ್ಬರ ಮನೆಗೆ ಹೋಗಿದ್ದೆ. ಆರು ತಿಂಗಳಲ್ಲಿ ನಾಲ್ಕು ಮೌಸ್ ಕೊಂಡಿದ್ದರು. ನಾಲ್ಕನ್ನೂ ಮೇಜಿನ ಖಾನೆಯಿಂದ ತೆಗೆದು ಸಾಲಾಗಿ ಇಟ್ಟು, ‘ಯಾವುದೂ ಬಾಳಿಕೆ ಬರುವುದಿಲ್ಲ, ಈಗಿನ ಮಾಲೇ ಹೀಗೆ’ ಎಂದರು. ಕೆಳಗೆ ಬಗ್ಗಿ ನೋಡಿದೆ. ಸಿಪಿಯು ಗೋಡೆಗೆ ಅಂಟಿಕೊಂಡಿತ್ತು, ಹಿಂದೆ ಜೇಡರ ಬಲೆ. ನಾಲ್ಕು ಯುಎಸ್‌ಬಿ ಕಿಂಡಿಗಳ ಗುಂಪಿನಲ್ಲಿ ಮೇಲಿನ ನೀಲಿ ಕಿಂಡಿಯಲ್ಲಿ ಹಾರ್ಡ್ ಡಿಸ್ಕಿನ ಕೇಬಲ್, ಅದರ ಕೆಳಗಿನ ನೀಲಿ ಕಿಂಡಿಯಲ್ಲಿ ಮೌಸಿನ ರಿಸೀವರ್. ಎರಡರ ನಡುವೆ ಒಂದು ಬೆರಳು ಹಾಕಲೂ ಜಾಗವಿರಲಿಲ್ಲ. ಚೀಲದಲ್ಲಿದ್ದ ಒಂದು ಮೀಟರ್ ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತೆಗೆದು ಒಂದು ತುದಿಯನ್ನು ಯುಎಸ್‌ಬಿ 2.0 ಎಂಬ ಹಳೆಯ ಬಗೆಯ ಕಪ್ಪು ಕಿಂಡಿಗೆ ಹಾಕಿದೆ. ಇನ್ನೊಂದು ತುದಿಯನ್ನು ಮೇಜಿನ ಮೇಲೆ ಮಾನಿಟರಿನ ಕಾಲಿನ ಹತ್ತಿರ ತಂದು ಅದಕ್ಕೆ ರಿಸೀವರ್ ಸಿಕ್ಕಿಸಿದೆ. ಹಾರ್ಡ್ ಡಿಸ್ಕಿಗೆ ದೊಡ್ಡದೊಂದು ಫೈಲ್ ನಕಲು ಮಾಡಲು ಬಿಟ್ಟು, ಅವರು ಬಿಸಾಡಿದ್ದ ಮೊದಲನೆಯ ಮೌಸನ್ನೇ ಅವರ ಕೈಗೆ ಕೊಟ್ಟೆ. ಪರದೆಯ ಮೇಲೆ ದೊಡ್ಡ ದೊಡ್ಡ ಸೊನ್ನೆ ಸುತ್ತಿದರು. ಬಾಣ ಎಲ್ಲೂ ತಡೆಯಲಿಲ್ಲ. ಅವರು ಏನೂ ಮಾತಾಡದೆ ಎರಡನೆಯ ಮೌಸ್ ಎತ್ತಿಕೊಂಡರು, ಆಮೇಲೆ ಮೂರನೆಯದನ್ನು. ನಾಲ್ಕೂ ಚೆನ್ನಾಗಿದ್ದವು.

ನೀವು ಮಾಡಬೇಕಾದದ್ದೂ ಇಷ್ಟೇ. ಒಂದು ಅಥವಾ ಒಂದೂವರೆ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಕೊಳ್ಳಿ. ಅಂಗಡಿಯವರು 3.0 ಎಂದು ಬರೆದಿರುವ ದುಬಾರಿ ಕೇಬಲ್ ತೋರಿಸಿದರೆ ಬೇಡವೆನ್ನಿ. ಮೌಸಿಗೆ ಸಾದಾ 2.0 ಸಾಕು, ಈ ಕೆಲಸಕ್ಕೆ ಅದೇ ವಾಸಿ. ರಿಸೀವರ್ ನೀವು ಮೌಸ್ ಆಡಿಸುವ ಜಾಗದಿಂದ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ದೂರದಲ್ಲಿ ಮೇಜಿನ ಮೇಲೆಯೇ ಇರಲಿ. ಹಾರ್ಡ್ ಡಿಸ್ಕನ್ನು ಅದರಿಂದ ಸಾಧ್ಯವಾದಷ್ಟು ದೂರ ಇಡಿ. ಕೇಬಲ್ ಕೆಳಗೆ ಜಾರದಂತೆ ಒಂದು ತುಂಡು ಟೇಪ್ ಅಂಟಿಸಿ. ಮೇಜು ಒರೆಸುವಾಗ ರಿಸೀವರಿಗೆ ಬಟ್ಟೆ ಸಿಕ್ಕಿ ಕಿತ್ತು ಬಂದರೆ ಆ ಚಿಕ್ಕ ವಸ್ತು ಕಸದ ಜೊತೆ ಹೋಗಿಬಿಡುತ್ತದೆ. ಕಡಿಮೆ ಬೆಲೆಯ ಮೌಸ್‌ಗಳಲ್ಲಿ ರಿಸೀವರಿಗೂ ಮೌಸಿಗೂ ಕಾರ್ಖಾನೆಯಲ್ಲೇ ಗಂಟು ಹಾಕಿ ಕಳಿಸಿರುತ್ತಾರೆ. ಒಂದು ಕಳೆದರೆ ಇನ್ನೊಂದೂ ಹೋದ ಹಾಗೆ.

ಕೇಬಲ್ ಕೊಳ್ಳುವ ಮೊದಲೇ ಕಾರಣ ಖಚಿತ ಮಾಡಿಕೊಳ್ಳುವ ದಾರಿಯೂ ಇದೆ. ಇವತ್ತು ಸಂಜೆ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನಿಂದ ಪೂರ್ತಿ ಬಿಡಿಸಿ, ಅರ್ಧ ಗಂಟೆ ಎಂದಿನಂತೆ ಕೆಲಸ ಮಾಡಿ. ನಕಲು ಮಾಡದೆ ಸುಮ್ಮನೆ ಸಿಕ್ಕಿಸಿಟ್ಟಿದ್ದರೂ ಗದ್ದಲ ಪೂರ್ತಿ ನಿಲ್ಲದಿರಬಹುದು, ಆದ್ದರಿಂದ ಕೇಬಲನ್ನೇ ಕೀಳಬೇಕು. ಬಾಣ ಸರಾಗವಾದರೆ ಮತ್ತೆ ಜೋಡಿಸಿ, ನಕಲು ಮಾಡಲು ಬಿಟ್ಟು ನೋಡಿ. ತೊಂದರೆ ಮರಳಿ ಬಂದರೆ ಕಳ್ಳ ಸಿಕ್ಕಿಬಿದ್ದ. ಈ ಹೊತ್ತಿನಲ್ಲಿ ಬೇರೇನನ್ನೂ ಬದಲಿಸಬೇಡಿ. ಸೆಲ್, ಕಿಂಡಿ, ಮೌಸ್ ಪ್ಯಾಡ್ ಎಲ್ಲವನ್ನೂ ಒಂದೇ ಏಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಹದಿನೈದು ದಿನದಲ್ಲಿ ಅದೇ ಕಥೆ ಮರುಕಳಿಸಿದರೆ ಮತ್ತೆ ಮೊದಲಿನಿಂದ ಹುಡುಕಬೇಕು.

ಕಿಂಡಿಯ ಬಣ್ಣದ ಮಾತು. ಸಾಮಾನ್ಯವಾಗಿ ಒಳನಾಲಿಗೆ ನೀಲಿಯಾಗಿದ್ದರೆ ಅದು 3.0, ಕಪ್ಪು ಅಥವಾ ಬಿಳಿಯಾಗಿದ್ದರೆ 2.0. ಎಲ್ಲ ಕಂಪನಿಯವರೂ ಈ ಬಣ್ಣದ ಕ್ರಮ ಪಾಲಿಸುವುದಿಲ್ಲ. ಪಕ್ಕದಲ್ಲಿ ಎಸ್‌ಎಸ್ ಎಂಬ ಇಂಗ್ಲಿಷ್ ಅಕ್ಷರಗಳ ಗುರುತಿದ್ದರೆ ಅದೂ 3.0 ಎಂದೇ ತಿಳಿಯಿರಿ. ರಿಸೀವರನ್ನು ಕಪ್ಪು ಕಿಂಡಿಗೆ ಹಾಕಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಅದರಿಂದ ಅಷ್ಟಿಷ್ಟು ಸಹಾಯ ಆದೀತು, ಆದರೆ ಕಪ್ಪು ಕಿಂಡಿ ನೀಲಿಯ ಮಗ್ಗುಲಲ್ಲೇ ಇದ್ದರೆ ಗದ್ದಲ ಅಲ್ಲಿಗೂ ಮುಟ್ಟುತ್ತದೆ. ಮುಖ್ಯವಾದದ್ದು ದೂರ. ನಿಮ್ಮ ದಿನದ ಕರಡು ಎಂದರೆ ಕೆಲವೇ ಫೈಲ್‌ಗಳಿರಬಹುದು. ಅಷ್ಟಕ್ಕೆ ಹಾರ್ಡ್ ಡಿಸ್ಕನ್ನು ಕಪ್ಪು ಕಿಂಡಿಗೇ ಹಾಕಿ ನಕಲು ಮಾಡಿದರೂ ನಡೆಯುತ್ತದೆ. ಅಲ್ಲಿ ಅದು ಹಳೆಯ, ನಿಧಾನದ ವೇಗಕ್ಕೆ ಇಳಿದು ಈ ಗದ್ದಲ ಮಾಡುವುದನ್ನು ಬಿಡುತ್ತದೆ. ಒಂದೆರಡು ನಿಮಿಷ ಹೆಚ್ಚು ಹಿಡಿಯಬಹುದು.

ಇನ್ನು ಸಂಜೆಯ ವಿಷಯ. ಸಂಜೆ ಮನೆಮಂದಿ ಎಲ್ಲ ಬಂದಿರುತ್ತಾರೆ, ಟಿವಿಯಲ್ಲಿ ಸಿನಿಮಾ, ಮೊಬೈಲುಗಳಲ್ಲಿ ವಿಡಿಯೊ, ಪಕ್ಕದ ಮನೆಯಲ್ಲೂ ಅದೇ. ವೈಫೈ ಸಂಚಾರ ಏರಿದಷ್ಟೂ ಮೌಸಿಗೆ ಬಿಡುವಿನ ಜಾಗ ಕಡಿಮೆ. ಅದರ ಮೇಲೆ ನಿಮ್ಮ ರೂಟರ್ ಸಿಪಿಯುವಿನ ತಲೆಯ ಮೇಲೆಯೇ ಕುಳಿತಿದೆ. ರಿಸೀವರಿನಿಂದ ಅದಕ್ಕೆ ಒಂದು ಮೊಳ ದೂರವಿದ್ದರೆ ಹೆಚ್ಚು. ದಯವಿಟ್ಟು ಅದನ್ನು ಅಲ್ಲಿಂದ ಎತ್ತಿ ಗೋಡೆಯ ಮೇಲೋ ಎತ್ತರದ ಶೆಲ್ಫಿನ ಮೇಲೋ ಇಡಿ, ಆರೇಳು ಅಡಿ ದೂರವಾದರೂ ಇರಲಿ. ಕಬ್ಬಿಣದ ಮೇಜಿನ ಕೆಳಗಿನಿಂದ ಹೊರಬಂದರೆ ಮನೆಯ ಉಳಿದ ಕೋಣೆಗಳಿಗೆ ವೈಫೈ ಕೂಡ ಚೆನ್ನಾಗಿ ಸಿಗುತ್ತದೆ. ನಿಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಕೊಡುವಂಥದ್ದಾದರೆ ಟಿವಿಯನ್ನೂ ಮೊಬೈಲುಗಳನ್ನೂ 5ಕ್ಕೆ ಸೇರಿಸಿ. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಮೆತ್ತಗೆ, ಆದರೆ ಒಂದೇ ಕೋಣೆಯಲ್ಲಿ ಅದರ ವೇಗ ಚೆನ್ನ, ಮೌಸಿನ ತಂಟೆಗೆ ಅದು ಬರುವುದೇ ಇಲ್ಲ. 2.4ರಲ್ಲೇ ಇರಬೇಕಾದರೆ ಚಾನಲ್ 1, 6, 11 ಈ ಮೂರರಲ್ಲಿ ಒಂದಕ್ಕೆ ರೂಟರನ್ನು ಬದಲಿಸಿ ನೋಡಬಹುದು, ಒಂದರ ಮೇಲೊಂದು ಬೀಳದ ಚಾನಲ್‌ಗಳು ಅವು. ರೂಟರಿನ ಸೆಟ್ಟಿಂಗ್ ತೆರೆಯುವ ಅಭ್ಯಾಸವಿಲ್ಲದಿದ್ದರೆ ಈ ಹೆಜ್ಜೆ ಬಿಟ್ಟುಬಿಡಿ. ಜಾಗ ಬದಲಿಸುವುದರಿಂದಲೇ ಹೆಚ್ಚಿನ ಲಾಭ.

ಕಬ್ಬಿಣದ ಮೇಜೂ ಈ ಕಥೆಯಲ್ಲಿ ಪಾಲುದಾರ. ರೇಡಿಯೊ ಅಲೆ ಕಬ್ಬಿಣದ ತಗಡನ್ನು ದಾಟುವುದಿಲ್ಲ, ತಾಗಿ ಹಿಂದಕ್ಕೆ ಚಿಮ್ಮುತ್ತದೆ. ಮೌಸ್ ತಗಡಿನ ಮೇಲೆ, ರಿಸೀವರ್ ತಗಡಿನ ಕೆಳಗೆ, ಅದೂ ಸಿಪಿಯುವಿನ ಕಬ್ಬಿಣದ ಪೆಟ್ಟಿಗೆಯ ಹಿಂದೆ. ಸಂಕೇತ ಮೇಜಿನ ಅಂಚಿನಿಂದ ಇಳಿದು, ಗೋಡೆಗೆ ತಾಗಿ, ಬಳಸಿ ಬರಬೇಕು. ನಡುವೆ ನಿಮ್ಮ ಕಾಲುಗಳು. ನಮ್ಮ ದೇಹದಲ್ಲಿ ನೀರೇ ಹೆಚ್ಚು, ಈ ಅಲೆಯನ್ನು ಅದು ಹೀರಿಕೊಳ್ಳುತ್ತದೆ. ಕುರ್ಚಿಯಲ್ಲಿ ಸ್ವಲ್ಪ ಆ ಕಡೆ ತಿರುಗಿದಾಗ ಮೌಸ್ ಸರಿಯಾಗಿ, ಈ ಕಡೆ ತಿರುಗಿದಾಗ ನಿಲ್ಲುವುದನ್ನು ನೀವು ಗಮನಿಸಿರಬಹುದು. ಕೊಂಡ ಅಂಗಡಿಯಲ್ಲಿ ಪರೀಕ್ಷೆ ನಡೆದದ್ದು ಬಹುಶಃ ಲ್ಯಾಪ್‌ಟಾಪಿನಲ್ಲಿ ಅಥವಾ ಸಿಪಿಯುವಿನ ಮುಂಭಾಗದ ಕಿಂಡಿಯಲ್ಲಿ. ರಿಸೀವರಿಗೂ ಮೌಸಿಗೂ ಅಲ್ಲಿ ಒಂದಡಿ ಅಂತರ, ನಡುವೆ ಏನೂ ಇಲ್ಲ. ಅಲ್ಲಿ ಸರಿಯಾಗಿ ಓಡಿದ್ದರಲ್ಲಿ ಆಶ್ಚರ್ಯವೇನು! ನಿಮ್ಮ ದೂರನ್ನು ಅವರು ನಂಬಲಿಲ್ಲ ಎಂದು ನೊಂದುಕೊಳ್ಳಬೇಡಿ, ಅವರು ಕಂಡದ್ದೂ ನಿಜ, ನೀವು ಕಂಡದ್ದೂ ನಿಜ.

ರಿಸೀವರ್ ಮೇಜಿನ ಮೇಲೆ ಬಂದ ನಂತರವೂ ತೊಂದರೆ ಅಲ್ಪಸ್ವಲ್ಪ ಉಳಿದರೆ ಮಾತ್ರ ಮುಂದಿನ ಕಡೆಗಳನ್ನು ನೋಡಿ.

ಮೊದಲು ಸೆಲ್. ಬದಲಿಸಿದೆ ಎಂದಿದ್ದೀರಿ, ಯಾವುದನ್ನು ಹಾಕಿದಿರಿ? ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಜಿಂಕ್ ಕಾರ್ಬನ್ ಜಾತಿಯದು. ಅದರ ಮೇಲೆ ಹೆವಿ ಡ್ಯೂಟಿ ಎಂದು ಬರೆದಿದ್ದರೂ ಮೌಸಿನಂಥ ಸಾಧನಕ್ಕೆ ಅದು ಒಗ್ಗುವುದಿಲ್ಲ. ಗಡಿಯಾರ ತೊಟ್ಟು ತೊಟ್ಟಾಗಿ ವಿದ್ಯುತ್ ಕುಡಿಯುತ್ತದೆ, ಮೌಸ್ ರೇಡಿಯೊ ಕಳಿಸುವಾಗ ಥಟ್ಟನೆ ಒಂದು ಗುಟುಕು ಕೇಳುತ್ತದೆ. ಅಗ್ಗದ ಸೆಲ್ ಅರ್ಧ ಖರ್ಚಾಗುವಷ್ಟರಲ್ಲಿ ಆ ಗುಟುಕಿಗೆ ಬಳಲಿ ಒತ್ತಡ ಕುಸಿಯುತ್ತದೆ, ಮೌಸ್ ಒಂದು ಕ್ಷಣ ಮೂರ್ಛೆ ಹೋಗುತ್ತದೆ. ಆಲ್ಕಲೈನ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೇಳಿ ಹಾಕಿ. ಎರಡು ಸೆಲ್ ಬೇಕಾದ ಮೌಸ್ ಆದರೆ ಹಳೆಯದೊಂದು ಹೊಸದೊಂದು ಬೆರೆಸಬೇಡಿ. ಸೆಲ್ ಕೂರುವ ಗುಂಡಿಯಲ್ಲಿ ಸ್ಪ್ರಿಂಗಿನ ಮೇಲೆ ಬಿಳಿ ಪುಡಿಯೋ ಹಸಿರು ಕಿಲುಬೋ ಕಟ್ಟಿದೆಯೇ ಎಂದೂ ನೋಡಿ. ಮಳೆಗಾಲದ ತೇವಕ್ಕೆ ಮಲೆನಾಡಿನ ಕಡೆ, ಕರಾವಳಿಯ ಕಡೆ ಇದು ಬಹಳ. ಆಲ್ಕಲೈನ್ ಸೆಲ್ಲಿನಿಂದ ಸೋರಿದ ಬಿಳಿ ಪುಡಿ ಕ್ಷಾರ. ಹತ್ತಿಯ ತುದಿಗೆ ಎರಡು ಹನಿ ನಿಂಬೆರಸ ಮಾಡಿಕೊಂಡು ಒರೆಸಿದರೆ ಬಿಡುತ್ತದೆ, ಆಮೇಲೆ ನೀರು ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ. ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮೌಸನ್ನು ಮೇಜಿಗೆ ಮೆಲ್ಲಗೆ ತಟ್ಟಿದಾಗ ಅದು ಆರಿ ಹತ್ತಿದರೆ ಸೆಲ್ ಸಡಿಲವಾಗಿದೆ ಎಂದರ್ಥ. ಸ್ಪ್ರಿಂಗನ್ನು ಉಗುರಿನಿಂದ ಸ್ವಲ್ಪ ಹೊರಗೆಳೆದರೆ ಸಾಕು.

ಸೆನ್ಸರಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಡ. ಗಾಜಿನ ಮೇಜಾಗಲಿ, ಮಿರುಗುವ ಸನ್‌ಮೈಕಾ ಆಗಲಿ ಅದಕ್ಕೆ ಆಗಿಬರುವುದಿಲ್ಲ, ಚಿತ್ರ ತೆಗೆಯಲು ಅಲ್ಲಿ ಗೆರೆಯೂ ಇಲ್ಲ, ರೇಖೆಯೂ ಇಲ್ಲ. ಮೌಸನ್ನು ಮುಟ್ಟದೆ ಬಿಟ್ಟಾಗಲೂ ಬಾಣ ನಡುಗುತ್ತಿದ್ದರೆ ಕೆಳಗೊಂದು ಬಿಳಿ ಕಾಗದ ಹಾಸಿ ನೋಡಿ. ಹೊಟ್ಟೆಯ ಕಿಂಡಿಯಲ್ಲಿ ಒಂದು ಕೂದಲು ಸಿಕ್ಕಿಕೊಂಡಿದ್ದರೂ ಬಾಣ ಹುಚ್ಚುಚ್ಚಾಗಿ ಹಾರುತ್ತದೆ, ಒಮ್ಮೆ ಬಾಯಿಂದ ಊದಿ.

ನಿಮ್ಮ ವಿವರದಲ್ಲಿ ನನಗೆ ಬಿಡಿಸಲಾಗದೆ ಉಳಿದದ್ದು ಎರಡು ಮೂರು ಸೆಕೆಂಡು ಪೂರ್ತಿ ನಿಲ್ಲುವುದು. ಅದು ನೀವು ಕರಡು ಓದುತ್ತಾ ಮೌಸ್ ಮುಟ್ಟದೆ ಕುಳಿತು, ಮತ್ತೆ ಕೈಗೆತ್ತಿಕೊಂಡಾಗ ಮಾತ್ರ ಆಗುತ್ತದೆಯೇ? ಹಾಗಿದ್ದರೆ ಅದಕ್ಕೆ ಬೇರೆ ಕಾರಣ. ಸೆಲ್ ಉಳಿಸಲು ಮೌಸ್ ತಾನೇ ನಿದ್ದೆಗೆ ಜಾರುತ್ತದೆ, ಒಮ್ಮೆ ಕ್ಲಿಕ್ ಮಾಡಿದರೆ ಏಳುತ್ತದೆ, ಅದು ದೋಷವಲ್ಲ. ವಿಂಡೋಸ್ ಕೂಡ ವಿದ್ಯುತ್ ಉಳಿಸಲು ಬಳಕೆಯಲ್ಲಿಲ್ಲದ ಯುಎಸ್‌ಬಿ ಕಿಂಡಿಗಳನ್ನು ಮಲಗಿಸುತ್ತದೆ, ಕೆಲವು ರಿಸೀವರ್‌ಗಳು ಆ ನಿದ್ದೆಯಿಂದ ಏಳಲು ತಡ ಮಾಡುತ್ತವೆ. ಇದನ್ನು ತಪ್ಪಿಸಲು ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಪಟ್ಟಿಯ ಕೊನೆಯ ಭಾಗದಲ್ಲಿ ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಎಂದಿರುತ್ತದೆ. ಅದರೊಳಗೆ ಯುಎಸ್‌ಬಿ ರೂಟ್ ಹಬ್ ಎಂಬ ಹೆಸರಿರುವ ಪ್ರತಿಯೊಂದರ ಮೇಲೂ ಎರಡು ಸಲ ಕ್ಲಿಕ್ ಮಾಡಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಹಾಳೆಗೆ ಹೋಗಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಲು ಕಂಪ್ಯೂಟರಿಗೆ ಅನುಮತಿ ಕೊಡುವ ಸಾಲಿನ ಮುಂದೆ ಟಿಕ್ ಇರುತ್ತದೆ, ಅದನ್ನು ತೆಗೆದು ಓಕೆ ಒತ್ತಿ. ಡೆಸ್ಕ್‌ಟಾಪಿನಲ್ಲಿ ಇದರಿಂದ ಕರೆಂಟ್ ಬಿಲ್ಲಿಗೆ ಕಾಣುವಂಥ ಹೊರೆ ಏನೂ ಬೀಳುವುದಿಲ್ಲ.

ಇದೇ ತೊಂದರೆ ಇರುವ ಬೇರೆ ಓದುಗರಿಗೂ ಒಂದು ಮಾತು. ನಿಮ್ಮದು ರಿಸೀವರ್ ಇಲ್ಲದ ಬ್ಲೂಟೂತ್ ಮೌಸ್ ಆಗಿದ್ದರೆ ಸಿಪಿಯುವಿನ ಹಿಂದೆ ವೈಫೈ ಕಾರ್ಡಿನ ಬಳಿ ಚಿನ್ನದ ಬಣ್ಣದ ಎರಡು ಪುಟ್ಟ ತಿರುಪುಗಳಿವೆಯೇ ಎಂದು ನೋಡಿ. ಅಲ್ಲಿಗೆ ಎರಡು ಆಂಟೆನಾ ಕೂರಬೇಕು. ವೈರ್ ಮೂಲಕ ಇಂಟರ್‌ನೆಟ್ ಬಳಸುವ ಅನೇಕ ಮನೆಗಳಲ್ಲಿ ಇವು ಬೇಡವೆಂದು ಪೆಟ್ಟಿಗೆಯಲ್ಲೇ ಉಳಿದುಬಿಡುತ್ತವೆ. ಬ್ಲೂಟೂತ್ ಕೂಡ ಅದೇ ಆಂಟೆನಾದಿಂದ ಕೇಳಿಸಿಕೊಳ್ಳುವುದು. ಅವನ್ನು ತಿರುಗಿಸಿ ಕೂರಿಸಿದ ಕೂಡಲೇ ವರ್ಷಗಳ ತಕರಾರು ಮುಗಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಆಗುವುದು, ಎಳೆಯುವಾಗ ಹಿಡಿದದ್ದು ನಡುವೆ ಕೈಬಿಡುವುದು, ಇಂಥವು ಶುರುವಾದರೆ ಮಾತ್ರ ಮೌಸಿಗೆ ವಯಸ್ಸಾಗಿದೆ ಎನ್ನಿ. ಬಟನ್ನಿನ ಕೆಳಗಿರುವ ಪುಟ್ಟ ಸ್ವಿಚ್ಚಿನ ಲೋಹದ ಎಲೆ ಸವೆದು, ಕಿಲುಬು ಹಿಡಿದು ಹಾಗಾಗುತ್ತದೆ. ಎಕ್ಸ್‌ಟೆನ್ಷನ್ ಕೇಬಲಿನಿಂದ ಅದು ಗುಣವಾಗುವುದಿಲ್ಲ. ಬಿಲ್ ಇದ್ದು ವಾರಂಟಿ ಮುಗಿಯದಿದ್ದರೆ ಬದಲಿಸಿಕೊಡಿ ಎಂದು ಕೇಳಿ. ಬಿಲ್ ಇಲ್ಲದ ಅಗ್ಗದ ಮೌಸಿಗೆ ರಿಪೇರಿಯ ಕೂಲಿ ದಂಡ.

ವೈರ್ ಇರುವ ಮೌಸಿಗೆ ಹೋಗಬೇಕೇ ಎಂದು ಕೇಳಿದ್ದೀರಿ. ನಿಮ್ಮ ಕೆಲಸ ಎಂಥದ್ದೆಂದು ನನಗೆ ಗೊತ್ತು. ಪ್ರಕಾಶಕರ ಎಷ್ಟೋ ಪುಟಗಳು ಇನ್ನೂ ನುಡಿ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲೇ ಬರುತ್ತವೆ. ಅವುಗಳಲ್ಲಿ ಒತ್ತು ತಾನೇ ಒಂದು ಬೇರೆ ಗುರುತಾಗಿ ಕುಳಿತಿರುತ್ತದೆ. ‘ಕ್ತ’ದ ಕೆಳಗಿನ ತಕಾರವೊಂದನ್ನೇ ಹಿಡಿದು ಬದಲಿಸಲು ಬಾಣ ಕೂದಲೆಳೆಯಷ್ಟು ನಿಖರವಾಗಿ ನಿಲ್ಲಬೇಕು. ದಿನಕ್ಕೆ ನೂರಾರು ಸಲ ಅದನ್ನು ಮಾಡುವ ಕೈಗೆ ಇದು ಸಣ್ಣ ತೊಂದರೆಯಲ್ಲ. ಮಣಿಕಟ್ಟು ನೋಯುತ್ತದೆ, ತಪ್ಪು ಅಕ್ಷರ ಅಳಿಸಿಹೋಗಿ ಅಚ್ಚಿಗೂ ಹೋಗಬಹುದು. ಆದ್ದರಿಂದ ಒಂದು ವೈರ್ ಮೌಸ್ ಮನೆಯಲ್ಲಿ ಇರಲಿ, ಪುಟ ಮುಗಿಸಿಕೊಡಲೇಬೇಕಾದ ರಾತ್ರಿ ಅದು ನಿಮ್ಮನ್ನು ಕಾಯುತ್ತದೆ. ನೀವು ಬಯಸಿ ಕೊಂಡ ವೈರ್‌ಲೆಸ್ ಮೌಸನ್ನು ಮಾತ್ರ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ನೋಡುವ ಮುನ್ನ ಕೈಬಿಡಬೇಡಿ.

ಮೊದಲು ಕೊಂಡ ಮೌಸನ್ನು ಎಸೆದಿಲ್ಲ ತಾನೆ? ಅದರ ರಿಸೀವರ್ ಇನ್ನೂ ಸಿಪಿಯುವಿನ ಹಿಂದೆಯೇ ಉಳಿದಿದ್ದರೆ ಕಿತ್ತು ತೆಗೆದು, ಮೌಸಿನ ಹೊಟ್ಟೆಯಲ್ಲಿ ಅದಕ್ಕೆಂದೇ ಮಾಡಿರುವ ಗೂಡಿನಲ್ಲಿಡಿ. ಸೆಲ್ ಒಳಗೇ ಬಿಟ್ಟು ಖಾನೆಗೆ ಹಾಕಿದರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ, ಅದನ್ನು ಇವತ್ತೇ ಹೊರತೆಗೆಯಿರಿ. ಕೇಬಲ್ ತಂದ ದಿನ ಹೊಸ ಮೌಸಿನ ಜೊತೆಗೆ ಅದನ್ನೂ ಒಮ್ಮೆ ಓಡಿಸಿ ನೋಡಿ, ಅದು ಕೆಟ್ಟಿರಲಿಕ್ಕಿಲ್ಲ.